ಗೋಲ್ಡನ್ ವೀಸಾ ಒಬ್ಬರ ಹೆಸರಿಗೆ, ದುಡ್ಡು ಇಡೀ ಮನೆಯದ್ದು: ಹೊಸೂರಿನ ಜಾಗ ಮಾರುವ ಮುನ್ನ

2025ರ ಜುಲೈ ಮೊದಲ ವಾರದಲ್ಲಿ ಗಲ್ಫ್ ಕನ್ನಡಿಗರ ಮೊಬೈಲ್‌ಗಳಲ್ಲಿ ಒಂದು ಸುದ್ದಿ ಜೋರಾಗಿ ಓಡಾಡಿತು. ಆಸ್ತಿ ಬೇಡ, ಕಂಪೆನಿ ಬೇಡ, 1 ಲಕ್ಷ ದಿರ್ಹಂ ಶುಲ್ಕ ಕಟ್ಟಿದರೆ ಸಾಕು, ಭಾರತೀಯರಿಗೆ ಜೀವನಪರ್ಯಂತ ಯುಎಇ ಗೋಲ್ಡನ್ ವೀಸಾ ಸಿಗುತ್ತದೆ ಅನ್ನೋದು ಆ ಸುದ್ದಿ. ಆಗಿನ ಲೆಕ್ಕದಲ್ಲಿ ಅದು ಸುಮಾರು 23 ಲಕ್ಷ ರೂಪಾಯಿ. ದೊಡ್ಡ ದೊಡ್ಡ ಪತ್ರಿಕೆಗಳು, ಟಿವಿ ಚಾನೆಲ್‌ಗಳೂ ಇದನ್ನು ಪ್ರಕಟಿಸಿದವು. ಜುಲೈ 8ರಂದು ಯುಎಇಯ ಗುರುತು, ಪೌರತ್ವ, ಕಸ್ಟಮ್ಸ್ ಮತ್ತು ಬಂದರು ಭದ್ರತಾ ಪ್ರಾಧಿಕಾರ, ಅಂದರೆ ಐಸಿಪಿ, ಇದನ್ನು ಸ್ಪಷ್ಟವಾಗಿ ನಿರಾಕರಿಸಿತು. ಗೋಲ್ಡನ್ ವೀಸಾದ ವಿಭಾಗಗಳು ಕಾನೂನಿನಲ್ಲೇ ನಿಗದಿಯಾಗಿವೆ, ಅರ್ಜಿ ಹಾಕಬೇಕಾದ್ದು ಸರಕಾರಿ ಮಾರ್ಗದಲ್ಲೇ, ಯಾವ ಸಲಹಾ ಸಂಸ್ಥೆಗೂ ಅದರಲ್ಲಿ ಅಧಿಕಾರ ಇಲ್ಲ ಎಂದಿತು. ಸುದ್ದಿಯ ಹಿಂದಿದ್ದ ಸಲಹಾ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು. ಅದೇ ವಾರ, ಡಿಜಿಟಲ್ ಕರೆನ್ಸಿ ಕೊಂಡಿಟ್ಟರೆ ಗೋಲ್ಡನ್ ವೀಸಾ ಸಿಗುತ್ತದೆ ಎಂಬ ಇನ್ನೊಂದು ಪ್ರಚಾರವನ್ನೂ ಅಲ್ಲಿನ ಸರಕಾರಿ ಸಂಸ್ಥೆಗಳು ಅಲ್ಲಗಳೆದವು.

ಸುದ್ದಿ ಸುಳ್ಳಾದರೂ ಆಸೆ ಹಾಗೇ ಉಳಿದಿದೆ. 23 ಲಕ್ಷಕ್ಕೆ ಸಿಗಲಿಲ್ಲ, ಹಾಗಾದರೆ ನಿಜವಾದ ದಾರಿಯಲ್ಲಿ ಎಷ್ಟಾಗುತ್ತದೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಉತ್ತರ ಸುಲಭ. ದುಬೈಯಲ್ಲಿ ಆಸ್ತಿ ಮೂಲಕ 10 ವರ್ಷದ ಗೋಲ್ಡನ್ ವೀಸಾ ಬೇಕಿದ್ದರೆ ಕನಿಷ್ಠ 20 ಲಕ್ಷ ದಿರ್ಹಂ ಮೌಲ್ಯದ ಆಸ್ತಿ ಇರಬೇಕು. ಒಂದು ದಿರ್ಹಂಗೆ 24 ರೂಪಾಯಿ ಎಂದು ಹಿಡಿದರೆ ಸುಮಾರು 4.8 ಕೋಟಿ ರೂಪಾಯಿ. ಮೇಲೆ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ವರ್ಗಾವಣೆ ಶುಲ್ಕ 4 ಶೇಕಡ, ಅಂದರೆ 80 ಸಾವಿರ ದಿರ್ಹಂ.

ಇಷ್ಟು ದುಡ್ಡು ಎಲ್ಲಿಂದ ಬರಬೇಕು? ಇಲ್ಲಿಯೇ ಹೊಸೂರು, ಕೃಷ್ಣಗಿರಿಯ ಮಾತು ಬರುತ್ತದೆ.

ಅತ್ತಿಬೆಲೆ ದಾಟಿದರೆ ಹೊಸೂರು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ರಾಜ್ಯ ತಮಿಳುನಾಡು ಆದರೂ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಊರು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ಗಳಂತಹ ಕಾರ್ಖಾನೆಗಳು ಇರುವ ಕೈಗಾರಿಕಾ ಪಟ್ಟಣ. ಆಚೆ ಕೃಷ್ಣಗಿರಿ ಕಡೆಗೆ ಹೋದರೆ ಗ್ರಾನೈಟ್, ಮಾವಿನ ತೋಪು. ಕರಾವಳಿಯಿಂದ ಬೆಂಗಳೂರಿಗೆ ಬಂದು ಹೋಟೆಲ್, ಬೇಕರಿ, ಜ್ಯೂಸ್ ಅಂಗಡಿ ಇಟ್ಟವರಿಗೆ ಬಾಡಿಗೆ ಕಡಿಮೆ ಇರುವ ಹೊಸೂರು ಮುಂದಿನ ನಿಲ್ದಾಣ. ಅಣ್ಣ ದುಬೈಯಲ್ಲಿ, ತಮ್ಮ ಹೊಸೂರಿನ ಅಂಗಡಿಯಲ್ಲಿ, ಉಮ್ಮ ಊರಲ್ಲಿ: ಇಂತಹ ಮನೆಗಳು ಸಮುದಾಯಕ್ಕೆ ಹೊಸದಲ್ಲ. ಗಲ್ಫ್ ದುಡ್ಡಿನಲ್ಲಿ ಹಿಂದೆ ಅಗ್ಗಕ್ಕೆ ತೆಗೆದ ಸೈಟ್ ಇವತ್ತು ಆ ಮನೆಯ ದೊಡ್ಡ ಆಸ್ತಿ. 2024ರ ಜೂನ್‌ನಲ್ಲಿ ತಮಿಳುನಾಡು ಸರಕಾರ ಹೊಸೂರಿನಲ್ಲಿ 2,000 ಎಕರೆಯ ವಿಮಾನ ನಿಲ್ದಾಣ ಮಾಡುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದ ಮೇಲೆ ಬ್ರೋಕರ್‌ಗಳ ಬಾಯಲ್ಲಿ ಜಾಗದ ರೇಟೇ ಬೇರೆ.

ಹಾಗಾಗಿ ಒಂದು ಯೋಚನೆ ಸಹಜವಾಗಿ ಹುಟ್ಟುತ್ತದೆ. ಹೊಸೂರಿನ ಜಾಗ ಮಾರೋಣ, ದುಬೈಯಲ್ಲಿ ಫ್ಲ್ಯಾಟ್ ತೆಗೆಯೋಣ, ಬಾಡಿಗೆಯೂ ಬರುತ್ತದೆ, ಅಣ್ಣನಿಗೆ ವೀಸಾವೂ ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಎರಡು ದೇಶದ ಕಾನೂನು ಒಟ್ಟಿಗೆ ಇಟ್ಟು ನೋಡಿದರೆ, ಮನೆಯವರೆಲ್ಲ ಸೇರಿ ಒಬ್ಬರಿಗೆ ಹೂಡಿಕೆ ವೀಸಾ ಮಾಡಿಸುವ ಈ ದಾರಿಯಲ್ಲಿ ಯಾರದ್ದೋ ಒಬ್ಬರ ಹಕ್ಕು ಕಾಗದದಿಂದ ಮಾಯವಾಗುತ್ತದೆ.

ವೀಸಾ ಕೊಡುವುದೇನು, ಕೊಡದ್ದೇನು

ಗೋಲ್ಡನ್ ವೀಸಾದ ಆಕರ್ಷಣೆ ಸುಮ್ಮನೆ ಬಂದದ್ದಲ್ಲ. ಸಾಮಾನ್ಯ ರೆಸಿಡೆನ್ಸಿಯಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೂ ಹೋಗುತ್ತದೆ. ಗೋಲ್ಡನ್ ವೀಸಾಕ್ಕೆ ಕಫೀಲ್ ಬೇಡ, ಹೊರಗಿರುವ ಅವಧಿಗೆ ಮಿತಿ ಇಲ್ಲ. ಪತ್ನಿಯನ್ನೂ, ಯಾವ ವಯಸ್ಸಿನ ಮಕ್ಕಳನ್ನೂ ಜತೆಗೆ ಸೇರಿಸಿಕೊಳ್ಳಬಹುದು. ವೀಸಾದಾರರು ತೀರಿಕೊಂಡರೆ ಅವಧಿ ಮುಗಿಯುವವರೆಗೆ ಕುಟುಂಬ ಅಲ್ಲೇ ಇರಬಹುದು. ಮಗನಿಗೆ 25 ದಾಟಿತು, ಇನ್ನು ಸ್ಪಾನ್ಸರ್ ಮಾಡಲಾಗದು ಎಂದು ತಲೆಬಿಸಿ ಮಾಡಿಕೊಂಡ ತಂದೆಗೆ ಇದರ ಬೆಲೆ ಗೊತ್ತು.

ಆದರೆ ಇದು ಪೌರತ್ವ ಅಲ್ಲ, ಪೌರತ್ವದ ಮೊದಲ ಮೆಟ್ಟಿಲೂ ಅಲ್ಲ. ಆಸ್ತಿ ಇದ್ದರೆ ವೀಸಾ. ಆಸ್ತಿ ಮಾರಿದರೆ ಅದರ ಮೇಲೆ ನಿಂತ ವೀಸಾಕ್ಕೆ ಬುಡ ಇಲ್ಲ. ಹತ್ತು ವರ್ಷದ ನಂತರ ನವೀಕರಣದ ಹೊತ್ತಿಗೂ ಷರತ್ತು ಪೂರೈಸಬೇಕು. ಅಂದರೆ ದುಡ್ಡು ಅಲ್ಲಿ ಕಟ್ಟಿಹಾಕಿದ ದುಡ್ಡು. ಹೊಸೂರಿನ ತಮ್ಮನಿಗೆ ಮಗಳ ಮದುವೆ ಬಂತು, ಉಮ್ಮನಿಗೆ ಆಪರೇಷನ್ ಬಂತು ಎಂದರೆ ಅದನ್ನು ಬಿಡಿಸಿ ತರುವುದು ಎಂದರೆ ಅಣ್ಣನ ವೀಸಾವನ್ನೇ ಬಿಡುವುದು.

ದುಡ್ಡು ದಾಟುವ ಮೂರು ದಾರಿ

ಒಂದು ಮನೆ ಎಂದುಕೊಳ್ಳಿ. ಅಣ್ಣ ದುಬೈಯಲ್ಲಿ, ಇಬ್ಬರು ತಮ್ಮಂದಿರು ಹೊಸೂರಿನಲ್ಲಿ. ಜಾಗ ತಮ್ಮಂದಿರ ಹೆಸರಲ್ಲಿದೆ. ಮಾರಿ ಅಣ್ಣನಿಗೆ ದುಡ್ಡು ಕಳುಹಿಸಬೇಕು. ಬ್ಯಾಂಕ್‌ಗೆ ಹೋದರೆ ಮೊದಲ ಪ್ರಶ್ನೆ: ಇದು ಯಾವ ಲೆಕ್ಕದ ದುಡ್ಡು?

ಮೊದಲ ದಾರಿ, ತಮ್ಮಂದಿರು ತಮ್ಮ ಹೆಸರಲ್ಲೇ ದುಬೈ ಆಸ್ತಿಗೆ ದುಡ್ಡು ಹಾಕುವುದು. ಭಾರತದಲ್ಲಿ ವಾಸಿಸುವವರು ಆರ್‌ಬಿಐಯ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಂದು ಹಣಕಾಸು ವರ್ಷಕ್ಕೆ ತಲಾ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. 20 ಲಕ್ಷ ದಿರ್ಹಂ ಎಂದರೆ ಸುಮಾರು 5.45 ಲಕ್ಷ ಡಾಲರ್. ಇಬ್ಬರು ತಮ್ಮಂದಿರ ಒಂದು ವರ್ಷದ ಮಿತಿ ಒಟ್ಟು ಸೇರಿದರೂ 5 ಲಕ್ಷ ಡಾಲರ್, ಅಷ್ಟಕ್ಕೆ ಮುಟ್ಟುವುದಿಲ್ಲ. ಇದಕ್ಕಾಗಿ ಬ್ಯಾಂಕ್ ಸಾಲ ಕೊಡುವಂತಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20 ಶೇಕಡ ಟಿಸಿಎಸ್ ಹಿಡಿಯುತ್ತದೆ. 2 ಕೋಟಿ ಕಳುಹಿಸಿದರೆ 38 ಲಕ್ಷ ರೂಪಾಯಿ. ಅದು ಮುಂಗಡ ಮಾತ್ರ, ರಿಟರ್ನ್ಸ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಅಷ್ಟು ದಿನ ಆ 38 ಲಕ್ಷ ಕೈಯಲ್ಲಿ ಇರುವುದಿಲ್ಲ.

ಇನ್ನೊಂದು ಗಂಟು ಇದೆ. ಆಸ್ತಿ ಕೊಳ್ಳಲು ಮನೆಯವರು ತಮ್ಮ ಮಿತಿಗಳನ್ನು ಒಟ್ಟುಗೂಡಿಸಬೇಕಿದ್ದರೆ ಅವರೆಲ್ಲ ಆ ಆಸ್ತಿಯ ಜಂಟಿ ಮಾಲಕರಾಗಿರಬೇಕು ಅನ್ನುತ್ತದೆ ಆರ್‌ಬಿಐ. ತಮ್ಮನ ದುಡ್ಡು ಹೋಗುವುದಾದರೆ ತಮ್ಮನ ಹೆಸರೂ ಪತ್ರದಲ್ಲಿ ಬೇಕು. ಅತ್ತ ದುಬೈಯಲ್ಲಿ, ಜಂಟಿ ಆಸ್ತಿಯಾದರೆ ವೀಸಾ ಕೇಳುವವರ ಪಾಲೇ 20 ಲಕ್ಷ ದಿರ್ಹಂ ಮುಟ್ಟಬೇಕು. ಗಂಡ ಹೆಂಡತಿಗೆ ಮಾತ್ರ ಒಟ್ಟು ಲೆಕ್ಕ ಹಿಡಿಯುವ ರಿಯಾಯಿತಿ ಇದೆ, ಅಣ್ಣ ತಮ್ಮಂದಿರಿಗೆ ಇಲ್ಲ. ಮೂವರು ಸೇರಿ 20 ಲಕ್ಷದ ಫ್ಲ್ಯಾಟ್ ತೆಗೆದರೆ ಮೂವರೂ ಮಾಲಕರು, ವೀಸಾ ಮಾತ್ರ ಯಾರಿಗೂ ಇಲ್ಲ.

ಎರಡನೇ ದಾರಿ ಸಾಲ. ತಮ್ಮ ಅಣ್ಣನಿಗೆ ಸಾಲ ಕೊಟ್ಟ ಎಂದು ಬರೆಯಬಹುದಲ್ಲ? ಅನಿವಾಸಿ ಹತ್ತಿರದ ಸಂಬಂಧಿಗೆ ರೂಪಾಯಿಯಲ್ಲಿ ಸಾಲ ಕೊಡಲು ಎಲ್‌ಆರ್‌ಎಸ್‌ನಲ್ಲಿ ಅವಕಾಶ ಇದೆ. ಬಡ್ಡಿ ಇರಬಾರದು, ಅವಧಿ ಕನಿಷ್ಠ ಒಂದು ವರ್ಷ. ಬಡ್ಡಿ ಬೇಡ ಎನ್ನುವುದು ನಮ್ಮವರಿಗೆ ಹಿತವಾದ ಷರತ್ತೇ. ಆದರೆ ಮುಂದಿನ ಷರತ್ತು ಓದಬೇಕು: ಆ ಸಾಲದ ದುಡ್ಡು ಭಾರತದ ಹೊರಗೆ ಹೋಗುವಂತಿಲ್ಲ. ದುಬೈ ಫ್ಲ್ಯಾಟ್‌ಗೆ ಅದು ಕೆಲಸಕ್ಕೆ ಬಾರದು.

ಮೂರನೇ ದಾರಿ ಗಿಫ್ಟ್. ತಮ್ಮ ತನ್ನ ಎಲ್‌ಆರ್‌ಎಸ್ ಮಿತಿಯೊಳಗೆ ಅಣ್ಣನ ಎನ್‌ಆರ್‌ಒ ಖಾತೆಗೆ ರೂಪಾಯಿಯಲ್ಲಿ ಗಿಫ್ಟ್ ಕೊಡಬಹುದು. ಅಣ್ಣ ತಮ್ಮಂದಿರ ನಡುವಿನ ಗಿಫ್ಟ್‌ಗೆ ಆದಾಯ ತೆರಿಗೆ ಇಲ್ಲ. ಎನ್‌ಆರ್‌ಒ ಖಾತೆಯಿಂದ ಅಣ್ಣ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ, ತೆರಿಗೆ ಕಟ್ಟಿದ ದಾಖಲೆ ಮತ್ತು ಚಾರ್ಟರ್ಡ್ ಅಕೌಂಟೆಂಟ್‌ರ ಪ್ರಮಾಣಪತ್ರ ತೋರಿಸಿ ಹೊರಗೆ ಒಯ್ಯಬಹುದು. ಫ್ಲ್ಯಾಟ್ ಅಣ್ಣನೊಬ್ಬನ ಹೆಸರಿಗೆ ಆಗುತ್ತದೆ, ವೀಸಾ ಸಿಗುತ್ತದೆ. ಕಾನೂನಿಗೆ ಒಪ್ಪುವ, ವೀಸಾಕ್ಕೂ ಸರಿಹೊಂದುವ ದಾರಿ ಇದೊಂದೇ. ಆದ್ದರಿಂದಲೇ ಕುಟುಂಬಗಳು ಇದಕ್ಕೆ ಬಂದು ನಿಲ್ಲುವುದು.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಹುಂಡಿ. ಅಲ್ಲಿ ಕೊಟ್ಟು ಇಲ್ಲಿ ತೆಗೆದುಕೊಳ್ಳುವ ಹಳೆಯ ರೂಢಿಯನ್ನೇ ತಿರುಗಿಸಿ ಇಲ್ಲಿಂದ ಅಲ್ಲಿಗೆ ಕಳುಹಿಸಿದರಾಯ್ತು ಎನ್ನುವವರಿದ್ದಾರೆ. ಫೆಮಾ ಕಾಯ್ದೆಯಡಿ ಉಲ್ಲಂಘನೆಯ ಮೊತ್ತದ ಮೂರು ಪಟ್ಟುವರೆಗೆ ದಂಡ ಹಾಕಬಹುದು. ಭಾರತದಲ್ಲಿ ವಾಸಿಸುವವರು ವಿದೇಶಿ ಆಸ್ತಿಯನ್ನು ರಿಟರ್ನ್ಸ್‌ನಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೇರೆ. ಅದಕ್ಕಿಂತಲೂ ದೊಡ್ಡ ನಷ್ಟ ಎಂದರೆ, ನಾಳೆ ಆ ದುಡ್ಡು ತನ್ನದೆಂದು ಹೇಳಲು ತಮ್ಮನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಬರೆದದ್ದು ಗಿಫ್ಟ್, ನಂಬಿದ್ದು ಪಾಲು

ಸಮಸ್ಯೆ ಶುರುವಾಗುವುದು ಮೂರನೇ ದಾರಿಯಲ್ಲೇ. ತಮ್ಮ ಬ್ಯಾಂಕ್‌ನಲ್ಲಿ ಗಿಫ್ಟ್ ಎಂದು ಸಹಿ ಹಾಕುತ್ತಾನೆ. ಮನಸ್ಸಿನಲ್ಲಿ ಮಾತ್ರ ಅದು ಗಿಫ್ಟ್ ಅಲ್ಲ. ಫ್ಲ್ಯಾಟ್‌ನಲ್ಲಿ ತನಗೂ ಪಾಲಿದೆ, ಬಾಡಿಗೆಯಲ್ಲಿ ತನಗೂ ಬರುತ್ತದೆ, ಮುಂದೆ ಮಾರಿದಾಗ ದುಡ್ಡು ವಾಪಸ್ ಸಿಗುತ್ತದೆ ಎಂದೇ ನಂಬಿರುತ್ತಾನೆ. ಅಣ್ಣನೂ ಹಾಗೆಯೇ ಹೇಳಿರುತ್ತಾನೆ. ಅಣ್ಣ ಇರುವಷ್ಟು ಕಾಲ ಆ ಮಾತು ನಡೆಯಲೂಬಹುದು.

ಅಣ್ಣ ತೀರಿಕೊಂಡರೆ? ದುಬೈಯ ಆಸ್ತಿ ಅಲ್ಲಿನ ನ್ಯಾಯಾಲಯದ ಮೂಲಕ ವಾರಸುದಾರರಿಗೆ ಹಂಚಿಕೆಯಾಗುತ್ತದೆ. ಶರೀಅತ್ ಪ್ರಕಾರ ಪತ್ನಿಗೆ ಎಂಟನೇ ಒಂದು, ತಂದೆ ತಾಯಿ ಇದ್ದರೆ ತಲಾ ಆರನೇ ಒಂದು, ಉಳಿದದ್ದು ಮಕ್ಕಳಿಗೆ. ಗಂಡು ಮಗ ಇದ್ದರೆ ಸಹೋದರರಿಗೆ ವಾರಸು ಪಾಲು ಇಲ್ಲ. ಹಂಚಿಕೆಗೆ ಮೊದಲು ಮೃತರ ಸಾಲ ತೀರಿಸಬೇಕು ನಿಜ. ಆದರೆ ತಮ್ಮ ಕೊಟ್ಟದ್ದು ಸಾಲ ಅಲ್ಲ, ಗಿಫ್ಟ್ ಎಂದು ತಮ್ಮನೇ ಸಹಿ ಮಾಡಿದ ಕಾಗದ ಹೇಳುತ್ತದೆ. ಅತ್ತಿಗೆ ಕೆಟ್ಟವರಾಗಬೇಕೆಂದಿಲ್ಲ, ಮಕ್ಕಳು ಮೋಸ ಮಾಡಬೇಕೆಂದಿಲ್ಲ. ಅವರಿಗೆ ಗೊತ್ತಿರುವುದು ಅಪ್ಪನ ಹೆಸರಿನ ಫ್ಲ್ಯಾಟ್ ಮಾತ್ರ. ಅಂಗಡಿ ನೋಡಿಕೊಂಡು ಹೊಸೂರಿನಲ್ಲಿ ಉಳಿದ ತಮ್ಮನಿಗೆ ಅಲ್ಲಿಗೆ ಎಲ್ಲ ಮುಗಿಯಿತು.

ಹಕ್ಕು ಕಳೆದುಕೊಳ್ಳುವ ಇನ್ನೊಬ್ಬರು ಇದ್ದಾರೆ, ಅವರ ಮಾತು ಯಾರೂ ಎತ್ತುವುದಿಲ್ಲ. ಹೊಸೂರಿನ ಜಾಗ ತಂದೆಯ ಹೆಸರಿನದ್ದಾಗಿದ್ದು, ತಂದೆ ತೀರಿಕೊಂಡಿದ್ದರೆ ಅದರಲ್ಲಿ ತಾಯಿಗೂ ಅಕ್ಕತಂಗಿಯರಿಗೂ ಪಾಲಿದೆ. ಅಣ್ಣನ ವೀಸಾ ಎಂಬ ದೊಡ್ಡ ಮಾತಿನ ಎದುರು ಮದುವೆಯಾಗಿ ಹೋದ ತಂಗಿಯಿಂದ ಸಹಿ ಮಾತ್ರ ಕೇಳುತ್ತಾರೆ, ಆಕೆಯ ಪಾಲು ಎಷ್ಟು, ಯಾವಾಗ ಕೊಡುತ್ತೇವೆ ಎಂದು ಹೇಳುವುದಿಲ್ಲ. ಕೊಟ್ಟು ಪಡೆಯುವ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಕುರ್‌ಆನ್‌ನ ಅಲ್‌ಬಖರ ಅಧ್ಯಾಯದ 282ನೇ ವಚನ ವಿವರವಾಗಿ ಹೇಳುತ್ತದೆ. ಮಿಂಬರ್‌ನಿಂದ ಕೇಳಿದ ಈ ಮಾತು ಅಣ್ಣ ತಮ್ಮಂದಿರ ನಡುವೆ ಬಂದಾಗ ಮಾತ್ರ ಅಪನಂಬಿಕೆಯಂತೆ ಕಾಣುವುದು ವಿಚಿತ್ರ.

ಜಾಗ ಅಣ್ಣನ ಹೆಸರಲ್ಲೇ ಇದ್ದರೆ

ಹೊಸೂರಿನ ಸೈಟ್ ದುಬೈ ಅಣ್ಣನ ಸ್ವಂತದ್ದಾಗಿದ್ದರೆ ದಾರಿ ಹೆಚ್ಚು ಸಲೀಸು. ಮಾರಿದ ದುಡ್ಡು ಅವನದೇ, ಎನ್‌ಆರ್‌ಒ ಖಾತೆಗೆ ಬಂದು ಅಲ್ಲಿಂದ ಹೋಗುತ್ತದೆ. ಆದರೂ ಮೂರು ವಿಷಯ ಗಮನಿಸಬೇಕು.

ಒಂದು, ಮಾರುವವರು ಅನಿವಾಸಿಯಾಗಿದ್ದರೆ ಕೊಳ್ಳುವವರು ಟಿಡಿಎಸ್ ಹಿಡಿಯಲೇಬೇಕು. ಸ್ಥಳೀಯರಿಂದ 50 ಲಕ್ಷ ಮೀರಿದ ಆಸ್ತಿ ಕೊಂಡಾಗ ಹಿಡಿಯುವ 1 ಶೇಕಡ ಇಲ್ಲಿ ಅನ್ವಯಿಸದು. ದೀರ್ಘಾವಧಿ ಲಾಭಕ್ಕೆ 12.5 ಶೇಕಡ ದರ, ಮೇಲೆ ಸರ್ಚಾರ್ಜ್ ಮತ್ತು ಸೆಸ್. ಮುಂಚಿತವಾಗಿ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತೆಗೆಯದಿದ್ದರೆ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆಯೇ ಕಡಿತ ಆಗಬಹುದು.

ಎರಡು, ಮಾರಾಟಕ್ಕೆ ಅಣ್ಣ ಬರಲಾಗದೆ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಅದಕ್ಕೆ ದುಬೈಯ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಬೇಕು. ಪತ್ರ ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು.

ಮೂರು, ಜಾಗ ಕೃಷಿ ಜಮೀನು ಹೌದೋ ಅಲ್ಲವೋ ನೋಡಬೇಕು. ಅನಿವಾಸಿಗಳು ಭಾರತದಲ್ಲಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಆದರೆ ಭಾರತದಲ್ಲೇ ವಾಸಿಸುವ ಭಾರತೀಯರಿಗೆ ಮಾತ್ರ ಮಾರಬಹುದು. ಡೆಂಕಣಿಕೋಟೆ, ತಳಿ ಕಡೆಗಳಲ್ಲಿ ಫಾರ್ಮ್ ಪ್ಲಾಟ್ ಎಂದು ಚೆಂದದ ವಿಡಿಯೊ ತೋರಿಸುವವರು ಗಲ್ಫ್ ಗ್ರಾಹಕರಿಗೆ ಈ ಒಂದು ಸಾಲು ಹೇಳುವುದಿಲ್ಲ. ಇಂತಹ ಜಾಗವನ್ನು ಎನ್ನಾರೈ ಆಗಿದ್ದಾಗ ಕೊಂಡಿದ್ದರೆ ಅದನ್ನು ಮಾರಿ ದುಡ್ಡು ಹೊರಗೆ ಒಯ್ಯುವ ಹೊತ್ತಿಗೆ ಬ್ಯಾಂಕ್‌ನಲ್ಲಿ ಪ್ರಶ್ನೆ ಏಳುತ್ತದೆ.

ಅರ್ಜಿ ಎಲ್ಲಿಂದ, ಕಾಗದ ಎಲ್ಲಿಂದ

ಅರ್ಜಿ ಹಾಕಲು ದುಬೈಯಲ್ಲೇ ಇರಬೇಕೆಂದಿಲ್ಲ. ಹೊರಗಿರುವವರಿಗೆ ಗೋಲ್ಡನ್ ವೀಸಾ ಪ್ರಕ್ರಿಯೆ ಮುಗಿಸಲು 6 ತಿಂಗಳ ಪ್ರವೇಶ ವೀಸಾ ಇದೆ, ಎಷ್ಟು ಸಲ ಬೇಕಿದ್ದರೂ ಹೋಗಿ ಬರಬಹುದು. ಗಲ್ಫ್‌ನಲ್ಲಿ ಇದ್ದುಕೊಂಡೇ ಬೇರೆ ದೇಶಕ್ಕೆ ಅರ್ಜಿ ಹಾಕುವವರಿಗೆ ಮಾತ್ರ ನಿಯಮ ಬೇರೆ ಬೇರೆ. ಅಮೆರಿಕ 2025ರ ಸೆಪ್ಟೆಂಬರ್‌ನಿಂದ, ತಾತ್ಕಾಲಿಕ ವೀಸಾ ಕೇಳುವವರು ತಮ್ಮ ಪೌರತ್ವದ ದೇಶದಲ್ಲಿ ಅಥವಾ ಕಾನೂನುಬದ್ಧವಾಗಿ ವಾಸಿಸುವ ದೇಶದಲ್ಲೇ ಸಂದರ್ಶನ ಕೊಡಬೇಕು ಎಂದಿದೆ. ಅಲ್ಲಿನ ಇ-2 ಹೂಡಿಕೆ ವೀಸಾ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ ಮಾತ್ರ. ಭಾರತಕ್ಕೆ ಆ ಒಪ್ಪಂದ ಇಲ್ಲ. ದುಬೈಯಲ್ಲಿ ಎಷ್ಟು ವರ್ಷ ಇದ್ದರೂ ಪಾಸ್‌ಪೋರ್ಟ್ ಭಾರತದ್ದೇ ಆದ್ದರಿಂದ ಇ-2 ಸಿಗದು. ಕೊಡಿಸುತ್ತೇವೆ ಎನ್ನುವ ಏಜೆಂಟ್‌ಗೆ ಟೋಕನ್ ಕೊಡುವ ಮೊದಲು ಇಷ್ಟು ಗೊತ್ತಿರಬೇಕು.

ಯುಎಇ ಅರ್ಜಿಯಲ್ಲಿ ನಮ್ಮವರು ಸಿಕ್ಕಿಬೀಳುವುದು ಮದುವೆ ಪ್ರಮಾಣಪತ್ರದಲ್ಲಿ. ಗಂಡ ಹೆಂಡತಿಯ ಪಾಲು ಒಟ್ಟು ಹಿಡಿಯಲೂ, ಕುಟುಂಬವನ್ನು ಸೇರಿಸಲೂ ದೃಢೀಕರಿಸಿದ ಮದುವೆ ಪ್ರಮಾಣಪತ್ರ ಬೇಕು. ಜಮಾಅತ್‌ನ ನಿಖಾಹ್ ಪುಸ್ತಕದ ನಕಲು ಸಾಲದು. ಕರ್ನಾಟಕದಲ್ಲಿ ವಕ್ಫ್ ಮಂಡಳಿಗೆ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ಸರಕಾರಿ ಆದೇಶಕ್ಕೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ನೀಡಿತ್ತು. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿಯೇ ಗಟ್ಟಿ. ತಮಿಳುನಾಡಿನಲ್ಲಿ 2009ರ ಕಾಯ್ದೆ ಪ್ರಕಾರ ಎಲ್ಲ ಧರ್ಮದವರ ಮದುವೆ ನೋಂದಣಿಯೂ ಕಡ್ಡಾಯ. ಹೊಸೂರಿನಲ್ಲಿ ವಾಸ, ಮದುವೆ ಆದದ್ದು ಬಂಟ್ವಾಳದಲ್ಲಿ ಎಂದಾದರೆ ಪ್ರಮಾಣಪತ್ರ ಕೊಟ್ಟ ರಾಜ್ಯದಲ್ಲೇ ದೃಢೀಕರಣದ ಮೊದಲ ಮೊಹರು. ನಂತರ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಇಲಾಖೆ. ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಆಸ್ತಿ ಇಲ್ಲದ ದಾರಿಯೂ ಇದೆ

ಗೋಲ್ಡನ್ ವೀಸಾ ಎಂದರೆ ಆಸ್ತಿ ಮಾತ್ರ ಎಂಬ ಭಾವನೆ ಬಿಲ್ಡರ್‌ಗಳ ಜಾಹೀರಾತಿನಿಂದ ಬಂದದ್ದು. ಪದವಿ ಇದ್ದು, ಉನ್ನತ ದರ್ಜೆಯ ಹುದ್ದೆಯಲ್ಲಿ ತಿಂಗಳಿಗೆ 30 ಸಾವಿರ ದಿರ್ಹಂ ಸಂಬಳ ಇರುವ ವೃತ್ತಿಪರರಿಗೆ, ವೈದ್ಯರಿಗೆ, ವಿಜ್ಞಾನಿಗಳಿಗೆ, ಉತ್ತಮ ಅಂಕ ಪಡೆದ ವಿದ್ಯಾರ್ಥಿಗಳಿಗೆ ಬೇರೆ ವಿಭಾಗಗಳಿವೆ. 2025ರಲ್ಲಿ ದುಬೈ ತನ್ನ ಆರೋಗ್ಯ ಇಲಾಖೆಯಲ್ಲಿ 15 ವರ್ಷ ಮೀರಿ ದುಡಿದ ನರ್ಸ್‌ಗಳಿಗೂ ಇದನ್ನು ಘೋಷಿಸಿತು. ಹೊಸೂರಿನ ಜಾಗ ಮಾರಿ ಅಣ್ಣನಿಗೆ 10 ವರ್ಷದ ವೀಸಾ ಮಾಡಿಸುವ ಬದಲು, ಅದೇ ದುಡ್ಡಿನ ಸಣ್ಣ ಭಾಗದಲ್ಲಿ ಮನೆಯ ಇಬ್ಬರು ಮಕ್ಕಳನ್ನು ಎಂಜಿನಿಯರಿಂಗ್, ನರ್ಸಿಂಗ್, ಅಕೌಂಟ್ಸ್ ಓದಿಸಿದರೆ ಅವರು ತಮ್ಮ ಹೆಸರಿನ ವೀಸಾವನ್ನು ತಾವೇ ತೆಗೆದುಕೊಳ್ಳುವ ಸಾಧ್ಯತೆ ಇದೆ.

ಸೌದಿಯಲ್ಲೂ 2019ರಿಂದ ಪ್ರೀಮಿಯಂ ರೆಸಿಡೆನ್ಸಿ ಇದೆ. ಕಾಯಂ ಅವಧಿಗೆ 8 ಲಕ್ಷ ರಿಯಾಲ್, ವರ್ಷದ ಲೆಕ್ಕಕ್ಕೆ 1 ಲಕ್ಷ ರಿಯಾಲ್. 2024ರಲ್ಲಿ ಸೇರಿಸಿದ ಆಸ್ತಿ ಮಾಲಕರ ವಿಭಾಗಕ್ಕೆ 40 ಲಕ್ಷ ರಿಯಾಲ್ ಮೌಲ್ಯದ ಮನೆ ಬೇಕು. ಒಟ್ಟಿನಲ್ಲಿ ಗಲ್ಫ್ ದೇಶಗಳು ಬಾಗಿಲು ತೆರೆದಿರುವುದು ದುಡ್ಡು ಅಥವಾ ಪರಿಣತಿ ಇರುವವರಿಗೆ. ದುಡ್ಡು ಒಟ್ಟುಗೂಡಿಸಿ ತಂದ ಅಣ್ಣ ತಮ್ಮಂದಿರ ಕೂಡುಕುಟುಂಬಕ್ಕೆ ಅಲ್ಲಿ ಬೇರೆ ಬಾಗಿಲು ಇಲ್ಲ.

ಹಾಗಂತ ಹೂಡಿಕೆ ವೀಸಾ ಬೇಡವೇ? ಬೇಕಾದವರು ತೆಗೆಯಲಿ. ದುಬೈಯಲ್ಲಿ ತಾನೇ ದುಡಿದು ಉಳಿಸಿದ ದುಡ್ಡಿನಲ್ಲಿ ತೆಗೆದರೆ ಭಾರತದ ಮಿತಿಗಳ ತಕರಾರಿಲ್ಲ, ಮನೆಯಲ್ಲಿ ಲೆಕ್ಕದ ಗೊಂದಲವೂ ಇಲ್ಲ. ಊರಿನ ಆಸ್ತಿ ಮಾರಿಯೇ ತೆಗೆಯುವುದಾದರೆ ಮೊದಲು ತಾಯಿ, ಅಕ್ಕತಂಗಿಯರ ಪಾಲು ಬೇರ್ಪಡಿಸಬೇಕು. ತಮ್ಮಂದಿರು ಕೊಡುವುದು ನಿಜವಾಗಿಯೂ ಗಿಫ್ಟ್ ಆಗಿದ್ದರೆ, ಮರಳಿ ಬರುವುದಿಲ್ಲ ಎಂದು ತಿಳಿದೇ, ಹೆಂಡತಿ ಮಕ್ಕಳ ಎದುರು ಹೇಳಿಯೇ ಕೊಡಬೇಕು. ಮರಳಿ ಬೇಕು ಎಂದಾದರೆ ಗಿಫ್ಟ್ ಎಂದು ಸಹಿ ಹಾಕಬಾರದು. ಅಣ್ಣನ ಪಾಲು ಅವನ ದುಡ್ಡಿನಲ್ಲೇ 20 ಲಕ್ಷ ದಿರ್ಹಂ ಮುಟ್ಟಿದ ಮೇಲೆ, ತಮ್ಮಂದಿರು ತಮ್ಮ ಹೆಸರಲ್ಲಿ ಪ್ರತ್ಯೇಕ ಪಾಲು ಬರೆಸಿಕೊಂಡು ಹೂಡಬಹುದು. ಅದೂ ಆಗದಿದ್ದರೆ ಹೊಸೂರಿನ ಜಾಗ ಇದ್ದಲ್ಲೇ ಇರಲಿ. ಆ ಪತ್ರದಲ್ಲಿ ಯಾರ ಹೆಸರಿದೆ ಎಂಬುದಾದರೂ ಮನೆಯ ಎಲ್ಲರಿಗೂ ಗೊತ್ತಿದೆ.